ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲಿದೆ?

ಕೊಲ್ಕತ್ತದ ಬಾಲಿಗಂಜ್ ಕಡೆಯ ಲೇಕ್ ಟೆರೇಸ್ ಬೀದಿಯಲ್ಲಿ ಇತಿಹಾಸಕಾರ ಜದುನಾಥ ಸರ್ಕಾರರು ಬಾಳಿದ ಮನೆಯಿದೆ. 1973ರಲ್ಲಿ ಹುಟ್ಟಿದ ಸಮಾಜ ವಿಜ್ಞಾನಗಳ ಅಧ್ಯಯನ ಕೇಂದ್ರ ಬಹುಕಾಲ ನಡೆದದ್ದು ಅಲ್ಲೇ. ಹಳೆಯ ಬಂಗಾಳಿ ಪತ್ರಿಕೆ, ಅಚ್ಚಿನ ಚಿತ್ರ, ಮನೆತನಗಳ ಫೋಟೊಗಳನ್ನು ಕೂಡಿಸಿಟ್ಟ ಹೆಸರು ಈ ಕೇಂದ್ರಕ್ಕಿದೆ. ಇಂಥ ಸಂಗ್ರಹಗಳಲ್ಲಿ 19ನೇ ಶತಮಾನದ ಹಳ್ಳಿಯ ಹೆಂಗಸೊಬ್ಬಳನ್ನು ಹುಡುಕಲು ಕೂತರೆ ಮೊದಲು ಎದುರಾಗುವುದು ಗಂಡ, ಮಗ, ಅವರ ಜಮೀನು, ಅವರ ವ್ಯಾಜ್ಯ. ಆಕೆಯನ್ನು ಇವುಗಳ ಸಂದಿಯಲ್ಲೇ ಹುಡುಕಬೇಕು.

ಬಂಗಾಳದಲ್ಲಿ ಮದುವೆ ಕುದುರಿಸುತ್ತಿದ್ದ ಘಟಕರು ಬರೆದಿಟ್ಟ ಕುಲಗ್ರಂಥಗಳಾಗಲಿ, ನಮ್ಮ ಹೆಳವರು ಮನೆಮುಂದೆ ನಿಂತು ಹೇಳುವ ವಂಶಾವಳಿಯಾಗಲಿ, ಮುಖ್ಯವಾಗಿ ತಂದೆಯಿಂದ ಮಗನಿಗೆ ಸಾಗುತ್ತವೆ. ಹೆಣ್ಣಿನ ಹೆಸರು ಕಾಗದಕ್ಕೆ ಬರಬೇಕಾದರೆ ಆಸ್ತಿಯ ಪ್ರಶ್ನೆ ಏಳಬೇಕು. ಬಂಗಾಳದಲ್ಲಿದ್ದ ದಾಯಭಾಗ ಎಂಬ ಆಸ್ತಿ ಹಂಚಿಕೆಯ ಪದ್ಧತಿಯಲ್ಲಿ ಗಂಡುಮಕ್ಕಳಿಲ್ಲದ ವಿಧವೆಗೆ ಗಂಡನ ಪಾಲು ಜೀವಮಾನದ ಮಟ್ಟಿಗೆ ಬರುತ್ತಿತ್ತು. ಹಾಗಾಗಿ ಅಲ್ಲಿನ ದಾವೆಗಳಲ್ಲಿ ಆಕೆಯ ಹೆಸರಿರುತ್ತದೆ. ಮಿತಾಕ್ಷರ ಪದ್ಧತಿ ನಡೆಯುತ್ತಿದ್ದ ನಮ್ಮ ಕಡೆಯ ಒಟ್ಟು ಕುಟುಂಬದಲ್ಲಿ ವಿಧವೆಗೆ ಇದ್ದದ್ದು ಜೀವನಾಂಶ. ಆದ್ದರಿಂದ ಹಳೆಯ ವಿಭಾಗ ಪತ್ರ ಕೈಗೆ ಸಿಕ್ಕರೆ ಗಡಿ, ಗದ್ದೆಗಳ ವಿವರ ದಾಟಿ ಜೀವನಾಂಶದ ಸಾಲನ್ನು ಓದಿ. ಯಾರಿಗೆ ಎಷ್ಟು ಭತ್ತ, ಯಾವ ಕೋಣೆ ಎಂಬ ಒಂದು ಸಾಲಿನಲ್ಲಿ ಒಬ್ಬಳ ಮುಪ್ಪು ಪೂರ್ತಿ ಅಡಗಿರಬಹುದು.

ಇಷ್ಟೊಂದು ಮೌನದ ನಡುವೆ ರಾಸಸುಂದರಿ ದೇವಿಯ ‘ಆಮಾರ್ ಜೀಬನ್’ ಸಿಕ್ಕಿರುವುದು ನಮ್ಮ ಭಾಗ್ಯ. ಬಂಗಾಳಿಯ ಮೊದಲ ಪೂರ್ಣ ಆತ್ಮಕಥೆ ಎಂದು ಹೆಸರಾದ ಪುಸ್ತಕ ಅದು. 1809ರ ಸುಮಾರಿಗೆ ಪಾಬ್ನಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಆಕೆ 12ನೇ ವಯಸ್ಸಿಗೆ ಫರೀದ್‌ಪುರದ ರಾಮದಿಯಾ ಊರಿನ ಜಮೀನ್ದಾರರ ಮನೆ ಸೇರಿದಳು. ಗಂಡನ ಕುದುರೆ ಅಂಗಳದ ಧಾನ್ಯಕ್ಕೆ ಬಾಯಿ ಹಾಕುತ್ತಿದ್ದರೂ, ಯಜಮಾನರ ಕುದುರೆಯ ಎದುರು ಹೇಗೆ ಹೋಗುವುದೆಂದು ಒಳಗೇ ಉಳಿದಳಂತೆ. ಆ ಕಾಲದ ಮರ್ಯಾದೆಯ ಬಿಗಿ ಎಷ್ಟಿತ್ತೆಂದು ತಿಳಿಯಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಸಂಶೋಧಕರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಆಕೆ ಕೊಡುವ ಮಕ್ಕಳ ಲೆಕ್ಕದ ಬಳಿ. ಮೊದಲ ಹೆರಿಗೆ 18ಕ್ಕೆ, ಕೊನೆಯದು 41ಕ್ಕೆ. ಒಟ್ಟು 12 ಮಕ್ಕಳು. ಅಂದರೆ 23 ವರ್ಷ, ಸುಮಾರು ಎರಡು ವರ್ಷಕ್ಕೊಂದು ಬಾಣಂತನ. ಈ ಲೆಕ್ಕವನ್ನು ಆಕೆ ಅಕ್ಷರ ಕಲಿತ ಕತೆಯ ಪಕ್ಕ ಇಟ್ಟು ನೋಡಿ. ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಕದ್ದು ತೆಗೆದು, ಎಂಟು ವರ್ಷದ ಹಿರಿಮಗ ಬರೆದು ಕಲಿಯುತ್ತಿದ್ದ ತಾಳೆಗರಿಯನ್ನೂ ಎತ್ತಿಟ್ಟುಕೊಂಡು, ಅಡುಗೆಮನೆಯಲ್ಲಿ ಬಚ್ಚಿಟ್ಟು, ಎರಡನ್ನೂ ಹೋಲಿಸುತ್ತ ಅಕ್ಷರ ಗುರುತಿಸಿದಳು. ಮಗನಿಗೆ ಎಂಟಾದರೆ ತಾಯಿಗೆ 26ರ ಆಸುಪಾಸು. ಹಿಂದೆ ಇನ್ನೂ ಕೆಲವು ಎಳೆಮಕ್ಕಳು, ಮುಂದೆ ದೊಡ್ಡ ಸಂಸಾರದ ಒಲೆ. ಜನನದ ಅಂತರಗಳನ್ನು ಹೀಗೆ ಓದಿದಾಗಲೇ ಆ ಕಲಿಕೆಯ ಬೆಲೆ ತಿಳಿಯುತ್ತದೆ. ಪುಸ್ತಕಕ್ಕೆ ಎರಡನೆಯ ಭಾಗ ಸೇರಿದ್ದು 1897ರಲ್ಲಿ, ಆಕೆಗೆ 88ರ ಹೊತ್ತಿಗೆ.

ನಿಮ್ಮ ಮುತ್ತಜ್ಜಿ ಪುಸ್ತಕ ಬರೆದಿರಲಾರಳು. ಆದರೂ ದಾರಿಗಳಿವೆ. ಶ್ರಾದ್ಧ, ತರ್ಪಣ ನಡೆಸುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಲೇಬೇಕು. ಕಾಗದದಲ್ಲಿ ಇಲ್ಲದ ಹೆಸರು ಪುರೋಹಿತರ ಬಾಯಲ್ಲಿ ಉಳಿದಿರಬಹುದು. ಮನೆಯವರು ಗಯೆಗೆ ಹೋಗಿದ್ದರೆ ಅಲ್ಲಿನ ಪಂಡಾಗಳ ವಹಿಯನ್ನು ನೋಡಬಹುದು. ಕರಾವಳಿಯ ಸಾರಸ್ವತರಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿಯಿತ್ತು. ಜಾತಕದಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಕಂಡಾಕ್ಷಣ ಇಬ್ಬರು ಹೆಂಡಿರೆಂದು ತೀರ್ಮಾನಿಸಬೇಡಿ.

ಎಲ್ಲಕ್ಕಿಂತ ಮೊದಲು ತವರೂರು ಯಾವುದೆಂದು ಕೇಳಿ. ತಾಯಿ ಸಾಯುವಾಗಲೂ ರಾಸಸುಂದರಿಗೆ ತವರಿಗೆ ಹೋಗಲಾಗಲಿಲ್ಲ. ಗಂಡಾಗಿ ಹುಟ್ಟಿದ್ದರೆ ಹಾರಿ ಹೋಗುತ್ತಿದ್ದೆ ಎಂದು ಕೊರಗಿದ್ದಾಳೆ. ಗಂಡನ ಮನೆಯ ಕಾಗದಗಳು ಮೊದಲು ಕೈಬಿಡುವುದೂ ಆ ಊರಿನ ಹೆಸರನ್ನೇ. ಅದನ್ನು ಬಲ್ಲ ಮುದುಕಿ ಒಬ್ಬರಾದರೂ ಮನೆಯಲ್ಲಿದ್ದರೆ, ಕಚೇರಿಯ ದಾಖಲೆಗೆ ಅರ್ಜಿ ಹಾಕುವ ಮೊದಲೇ ಅವರ ಪಕ್ಕ ಹೋಗಿ ಕುಳಿತುಕೊಳ್ಳಿ.