ಜನಪದ ಗೀತೆ ಮತ್ತು ಕರ್ತೃತ್ವ: ಬಾಬ್ ಡಿಲನ್ ಅವರ ಮೊದಲ ಧ್ವನಿಮುದ್ರಿಕೆ

ಅಮೆರಿಕದ ಗಾಯಕ-ಗೀತರಚನಕಾರ ಬಾಬ್ ಡಿಲನ್ ಅವರ ಮೊದಲ ಆಲ್ಬಮ್ ಅವರ ಹೆಸರಿನಲ್ಲೇ 1962ರ ಮಾರ್ಚ್ 19ರಂದು ಕೊಲಂಬಿಯಾ ಸಂಸ್ಥೆಯಿಂದ ಹೊರಬಂದಿತು. 2016ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪುರಸ್ಕಾರ ಪಡೆದ ಈ ಗೀತಕಾರರ ಮೊದಲ ಮುದ್ರಿಕೆಯಲ್ಲಿರುವ 13 ಹಾಡುಗಳ ಪೈಕಿ ಸ್ವಂತ ರಚನೆಗಳು ಎರಡೇ. ಆದ್ದರಿಂದ ಇದನ್ನು ಕೇವಲ ಪೂರ್ವಸಿದ್ಧತೆಯೆಂದು ಬದಿಗಿರಿಸುವುದುಂಟು. ಆದರೆ ಹಾಡು ಯಾರದು ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ, ಮುಂದಿನ ಪ್ರಸಿದ್ಧ ಆಲ್ಬಮ್‌ಗಳಿಗಿಂತ ಇದೇ ಹೆಚ್ಚು ಉಪಯುಕ್ತ ಆಕರವೆಂದು ತೋರುತ್ತದೆ.

1961ರ ನವೆಂಬರ್ 20 ಮತ್ತು 22ರಂದು ನ್ಯೂಯಾರ್ಕಿನಲ್ಲಿ, ಜಾನ್ ಹ್ಯಾಮಂಡ್ ಅವರ ನಿರ್ದೇಶನದಲ್ಲಿ ಧ್ವನಿಮುದ್ರಣ ನಡೆಯಿತು. ಇಪ್ಪತ್ತರ ಹರೆಯದ ಗಾಯಕ, ಗಿಟಾರ್, ಮೌತ್ ಆರ್ಗನ್. ಪಕ್ಕವಾದ್ಯಗಾರರು ಯಾರೂ ಇಲ್ಲ.

ಇಲ್ಲಿನ 'ಹೌಸ್ ಆಫ್ ದ ರೈಸಿನ್ ಸನ್' ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ನ್ಯೂ ಆರ್ಲಿಯನ್ಸ್‌ನ ಮನೆಯೊಂದರಲ್ಲಿ ಬಾಳು ಹಾಳಾದ ಹೆಣ್ಣಿನ ಅಳಲು ಇದರ ವಸ್ತು. 1937ರಲ್ಲಿ ಕ್ಷೇತ್ರಕಾರ್ಯ ನಿರತರಾಗಿದ್ದ ಅಲನ್ ಲೋಮ್ಯಾಕ್ಸ್, ಕೆಂಟಕಿಯ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಬಾಲೆಯಿಂದ ಇದನ್ನು ಧ್ವನಿಮುದ್ರಿಸಿಕೊಂಡಿದ್ದರು. ಮುಂದೆ ನ್ಯೂಯಾರ್ಕಿನ ಗಾಯಕ ಡೇವ್ ವ್ಯಾನ್ ರಾಂಕ್, ಮಂದ್ರಸ್ವರಗಳು ಅರ್ಧಸ್ವರದ ಅಂತರದಲ್ಲಿ ಮೆಟ್ಟಿಲಿಳಿಯುವಂತೆ ಅದಕ್ಕೆ ಹೊಸ ಗಿಟಾರ್ ಸಂಯೋಜನೆ ಮಾಡಿದರು. ಡಿಲನ್ ಮುದ್ರಿಸಿದ್ದು ಇದನ್ನೇ. ವ್ಯಾನ್ ರಾಂಕ್ ಹೇಳಿರುವಂತೆ, ಡಿಲನ್ ಅನುಮತಿ ಕೇಳಿದ್ದು ಮುದ್ರಣ ಮುಗಿದ ಮೇಲೆ. ಅನಂತರ ಕೇಳುಗರು ಈ ಹಾಡನ್ನು ಡಿಲನ್ ಅವರಿಂದ ಎತ್ತಿಕೊಂಡದ್ದೆಂದು ತಮ್ಮನ್ನೇ ದೂರತೊಡಗಿದ್ದರಿಂದ ಅವರು ಅದನ್ನು ಹಾಡುವುದನ್ನೇ ಬಿಡಬೇಕಾಯಿತು. ಅದೇ ಮುದ್ರಿಕೆಯ 'ಬೇಬಿ, ಲೆಟ್ ಮಿ ಫಾಲೋ ಯೂ ಡೌನ್' ಹಾಡಿನ ಆರಂಭದಲ್ಲಾದರೋ, ತಾನಿದನ್ನು ಕಲಿತದ್ದು ಎರಿಕ್ ವಾನ್ ಶ್ಮಿಟ್ ಅವರಿಂದ ಎಂದು ಡಿಲನ್ ಬಾಯಿಬಿಟ್ಟು ಹೇಳುತ್ತಾರೆ. ಒಂದೇ ತಟ್ಟೆಯಲ್ಲಿ ಒಂದು ಋಣ ನುಡಿಯಲ್ಪಟ್ಟಿದೆ, ಇನ್ನೊಂದು ನುಡಿಯಲ್ಪಟ್ಟಿಲ್ಲ. ಜನಪದವು ಎಲ್ಲರ ಸೊತ್ತು ಎಂಬ ಸಮಾಧಾನ ಟರ್ನರ್ ವಿಷಯದಲ್ಲಾಗಲಿ, ವ್ಯಾನ್ ರಾಂಕ್ ವಿಷಯದಲ್ಲಾಗಲಿ ಸಾಕಾಗದು. ಹಾಡಿದ ಕಂಠಕ್ಕೂ ಸಂಯೋಜಿಸಿದ ಕೈಗೂ ಹೆಸರುಗಳಿದ್ದವು.

ಇನ್ನು ಸ್ವಂತ ರಚನೆಗಳ ಮಾತು. ಆಗ ಅಸಾಧ್ಯ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ ಹಿರಿಯ ಗಾಯಕ ವುಡಿ ಗತ್ರಿಯವರನ್ನು ಸಂಬೋಧಿಸುವ 'ಸಾಂಗ್ ಟು ವುಡಿ'ಯ ಮಟ್ಟು ಗತ್ರಿಯವರದೇ '1913 ಮ್ಯಾಸಕರ್' ಹಾಡಿನದು. ಗತ್ರಿಯವರೂ ಹಳೆಯ ಮಟ್ಟುಗಳಿಗೆ ಹೊಸ ನುಡಿ ಕಟ್ಟಿದವರೇ. 1963ರ ಎರಡನೆಯ ಆಲ್ಬಮ್‌ನಲ್ಲಿ ಸ್ವಂತ ಹಾಡುಗಳ ಸಂಖ್ಯೆ ಏರಿತು. ಆದರೂ ಅದರ ಮೊದಲ ಹಾಡಾದ 'ಬ್ಲೋಯಿಂಗ್ ಇನ್ ದ ವಿಂಡ್'ನ ರಾಗ, ಗುಲಾಮರ ಹರಾಜುಕಟ್ಟೆಯನ್ನು ಕುರಿತ ಹಳೆಯ ಹಾಡೊಂದರಿಂದಲೇ ಬಂದಿದೆ.