ತಣ್ಣಗಿನ ಬೆಂಕಿಗೆ ಹೆದರಬೇಕು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಭಾಮೈದನ ಮನೆಗೆ ಹೋದಾಗ ಡಿಸೆಂಬರ್ ತಿಂಗಳು. ಹೊರಗೆ ಮೊಣಕಾಲುದ್ದ ಹಿಮ. ನಡುಮನೆಯ ಮೂಲೆಯಲ್ಲಿ ಎರಕದ ಕಬ್ಬಿಣದ ಸೌದೆ ಒಲೆ, ಅದಕ್ಕೆ ಗಾಜಿನ ಬಾಗಿಲು, ಹಿಂಬದಿಯಿಂದ ಮೇಲೆದ್ದು ಮಾಡು ದಾಟಿ ಹೋಗುವ ಕಪ್ಪು ಕೊಳವೆ. ಆ ಕೊಳವೆಗೆ ಅಯಸ್ಕಾಂತದಿಂದ ಅಂಟಿಕೊಂಡ, ಅಂಗೈಯಗಲದ ಥರ್ಮಾಮೀಟರ್. ಮುಳ್ಳು 400 ಮುಟ್ಟಿತ್ತು. ನನಗೆ ಎದೆ ಧಸಕ್ಕೆಂದಿತು. ಮರದ ಗೋಡೆ, ಮರದ ನೆಲ, ಮರದ ಮಾಡು. ನಡುವೆ ನಾನೂರು ಡಿಗ್ರಿ!

‘ಅದು ಫ್ಯಾರನ್‌ಹೀಟ್, ಭಾವ. ನಮ್ಮ ಲೆಕ್ಕದಲ್ಲಿ ಇನ್ನೂರರ ಮೇಲೆ ಸ್ವಲ್ಪ’ ಎಂದ ಅವನು. ‘ಅಷ್ಟಿದ್ರೆ ನೆಮ್ಮದಿ. ಕೆಳಗಿಳಿದ್ರೆ ನಂಗೆ ಚಿಂತೆ.’

ಬೆಂಕಿ ಜೋರಾದರೆ ಹೆದರುವುದು ಗೊತ್ತು. ಬೆಂಕಿ ತಣ್ಣಗಾದರೆ ಯಾಕೆ ಹೆದರಬೇಕು? ಅಲ್ಲಿದ್ದ ಮೂರು ವಾರವೂ ಈ ಪ್ರಶ್ನೆ ನನ್ನ ತಲೆಯಲ್ಲಿತ್ತು.

ಉತ್ತರ ನಮ್ಮ ಬಚ್ಚಲುಮನೆಯಲ್ಲೇ ಇದೆ. ಹಂಡೆಯೊಳಗಿನ ನೀರು ಎಷ್ಟು ಕುದಿದರೂ 100 ಡಿಗ್ರಿ ಸೆಲ್ಸಿಯಸ್ ದಾಟದು. ಹಾಗಾಗಿ ಹಂಡೆಯ ತಳವೂ ಉರಿಯ ಎದುರು ತಣ್ಣಗೇ ಇರುತ್ತದೆ. ಬಿಸಿ ಹೊಗೆ ಆ ತಣ್ಣನೆಯ ತಾಮ್ರಕ್ಕೆ ತಾಗಿದ ಕಡೆ ಮಸಿ ಕೂರುತ್ತದೆ. ಸೌದೆ ಹಸಿಯಾಗಿದ್ದರಂತೂ ಮಸಿಯ ಜೊತೆ ಜಿಗುಟು ಟಾರೂ ಸೇರಿ, ತೆಂಗಿನ ನಾರು ಹಿಡಿದು ಉಜ್ಜಿದರೂ ಬಿಡದ ಕಪ್ಪು ಹಲ್ಲೆಯಾಗುತ್ತದೆ. ಹೊಗೆಗೂಡಿನ ಒಳಮೈಗೂ ಇದೇ ಗತಿ. ವ್ಯತ್ಯಾಸವೆಂದರೆ ಹಂಡೆಯ ತಳ ಕಣ್ಣಿಗೆ ಬೀಳುತ್ತದೆ, ಹೊಗೆಗೂಡಿನ ಒಳಗೆ ಯಾರೂ ಇಣುಕುವುದಿಲ್ಲ.

ಸೌದೆ ಉರಿಯುವುದು ಒಂದೇ ಹಂತದಲ್ಲಲ್ಲ. ಮೊದಲು ನೀರು ಆವಿಯಾಗಿ ಹೋಗಬೇಕು. ಆಮೇಲೆ, ಇನ್ನೂರು ಮುನ್ನೂರು ಡಿಗ್ರಿಯ ಹೊತ್ತಿಗೆ, ಮರ ಒಡೆದು ಅನಿಲ ಬಿಡತೊಡಗುತ್ತದೆ. ಮರದಲ್ಲಿರುವ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ಈ ಅನಿಲದಲ್ಲೇ ಇದೆ. ಅದು ಚೆನ್ನಾಗಿ ಹೊತ್ತಿಕೊಳ್ಳಬೇಕಾದರೆ ಒಲೆಯೊಳಗೆ ಸುಮಾರು 600 ಡಿಗ್ರಿ ಬಿಸಿಯೂ ಸಾಕಷ್ಟು ಗಾಳಿಯೂ ಬೇಕು. ರಾತ್ರಿಯಿಡೀ ಬೆಂಕಿ ಇರಲಿ ಎಂದು ದಪ್ಪ ಕೊರಡು ತುಂಬಿ, ಗಾಳಿಕಿಂಡಿ ಮುಚ್ಚಿ ಮಲಗಿದರೆ ಅನಿಲ ಉರಿಯದೆ ಹೊಗೆಯಾಗಿ ಮೇಲೇರುತ್ತದೆ. ಹೊಗೆಗೂಡಿನ ಒಳಮೈ 120 ಡಿಗ್ರಿಗಿಂತ ಕೆಳಗಿದ್ದರೆ ಅಲ್ಲೇ ಬೆವರಿನಂತೆ ಕಟ್ಟಿಕೊಂಡು ಒಣಗುತ್ತದೆ. ಈ ಟಾರಿನ ಹೆಸರು ಕ್ರಿಯೋಸೋಟ್. ಮೊದಲಿಗೆ ಬೂದಿಯಂಥ ಪುಡಿ, ಬಳಿಕ ಗರಿಗರಿ ಹಕ್ಕಳೆ, ಕೊನೆಗೆ ಗಾಜಿನಂತೆ ಮಿರುಗುವ ಕಪ್ಪು ಲೇಪ. ಅಪ್ಪಟ ಇಂಧನ!

ಯಾವುದೋ ಸಂಜೆ ಒಣ ಸೌದೆ ತುಂಬಿ ಬೆಂಕಿ ಜೋರು ಮಾಡಿದಾಗ ಒಂದು ಕಿಡಿ ಸಾಕು. ಹೊಗೆಗೂಡಿನೊಳಗಿನ ಬೆಂಕಿ 1100 ಡಿಗ್ರಿಯವರೆಗೂ ಏರಬಲ್ಲದು. ರೈಲು ಬಂದಂತೆ ಗುಡುಗುಡು ಸದ್ದು ಬರುತ್ತದೆ, ಒಳಗಿನ ಜೇಡಿಮಣ್ಣಿನ ಹೆಂಚು ಸೀಳುತ್ತದೆ. ಆಗ ಗಾಳಿಕಿಂಡಿ ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡುವುದೊಂದೇ ದಾರಿ. ಕಾದ ಇಟ್ಟಿಗೆಗೆ ನೀರು ಸುರಿದರೆ ಅದು ಬಿರಿಯುತ್ತದೆ. ಬೆಂಕಿ ತಾನಾಗಿ ಆರಿದರೂ ಪರೀಕ್ಷೆ ಮಾಡಿಸದೆ ಮತ್ತೆ ಒಲೆ ಹೊತ್ತಿಸುವ ಹಾಗಿಲ್ಲ.

ಅದಕ್ಕೇ ಆ ಥರ್ಮಾಮೀಟರಿನಲ್ಲಿ ಮೂರು ಪಟ್ಟಿಗಳು. ಒಂಟಿ ಪದರದ ಕೊಳವೆಯ ಹೊರಮೈಯಲ್ಲಿ 120ರಿಂದ 245 ಡಿಗ್ರಿ ಸೆಲ್ಸಿಯಸ್ ಸರಿಯಾದ ಮಟ್ಟ. ಅದಕ್ಕಿಂತ ಕೆಳಗೆ ಕ್ರಿಯೋಸೋಟ್, ಮೇಲೆ ಅತಿಬಿಸಿ. ಮುಳ್ಳು ಬಹಳ ಹೊತ್ತು ಮೇಲೇ ನಿಂತರೆ ಎರಕದ ಕಬ್ಬಿಣ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಒಲೆಯ ಮೈ ಯಾವ ಕಡೆಯಾದರೂ ಕೆಂಪಗೆ ಹೊಳೆದರೆ ತಕ್ಷಣ ಗಾಳಿ ತಗ್ಗಿಸಬೇಕು. ಆದರೆ ಅಂಕಿ ಎಲ್ಲಿಯದು ಎಂದು ಕೇಳದೆ ಅಂಕಿಯನ್ನು ನಂಬಬಾರದು. ಕೊಳವೆಯೊಳಗಿನ ಹೊಗೆ ಹೊರಮೈಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿಸಿ ಇರಬಹುದು. ಎರಡು ಪದರದ ಕೊಳವೆಯಾದರೆ ಹೊರಮೈ ಮುಟ್ಟಿ ಏನೂ ತಿಳಿಯದು, ಒಳಗೆ ಕಡ್ಡಿ ತೂರಿಸುವ ಬೇರೆ ಮಾಪಕವೇ ಬೇಕು. ಒಲೆಯ ನೆತ್ತಿಯ ಲೆಕ್ಕ ಮತ್ತೆ ಬೇರೆ. ಅದಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ.

ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಗೋಡೆಯ ಲೆಕ್ಕ. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಆದರೆ ಗೋಡೆಯೊಳಗೆ ಅಡಗಿದ ತೊಲೆಯೊಂದು ವರ್ಷಗಟ್ಟಲೆ ಬಿಸಿ ತಿನ್ನುತ್ತ ಕೂತರೆ ಅದು ನಿಧಾನಕ್ಕೆ ಇದ್ದಿಲಾಗುತ್ತ, ಇನ್ನೂ ಕಡಿಮೆ ಬಿಸಿಗೇ ಹೊತ್ತುವಂತಾಗುತ್ತದೆ. ಹೀಗೆ ಸದಾ ಬಿಸಿಗೆ ಒಡ್ಡಿಕೊಂಡ ಮರ ಸುಮಾರು 77 ಡಿಗ್ರಿ ದಾಟಬಾರದು ಎಂಬ ಎಚ್ಚರಿಕೆಯಿದೆ. ಬಿಸಿ ಕಾಫಿಯ ಆಸುಪಾಸು! ಪರೀಕ್ಷಿಸಿ ಪ್ರಮಾಣೀಕರಿಸದ ಹಳೆಯ ಒಲೆಯಾದರೆ, ಹೊತ್ತುವ ಯಾವ ವಸ್ತುವಿಗೂ 36 ಅಂಗುಲ ದೂರವಿರಬೇಕೆಂದು ಅಲ್ಲಿನ ನಿಯಮ ಹೇಳುವುದು ಇದಕ್ಕೇ.

ಬಾಗಿಲೇ ಇಲ್ಲದ ತೆರೆದ ಅಗ್ಗಿಷ್ಟಿಕೆಗೆ ಈ ಮಾಪಕ ಅಷ್ಟಾಗಿ ಒಗ್ಗದು. ಅಲ್ಲಿ ಶಾಖದ ದೊಡ್ಡ ಪಾಲು ಹೊಗೆಯ ಜೊತೆ ಆಕಾಶಕ್ಕೇ ಹೋಗುತ್ತದೆ, ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದೊಯ್ಯುತ್ತದೆ. ಈ ದಂಡವನ್ನು ತಗ್ಗಿಸಲು 1790ರ ದಶಕದಲ್ಲಿ ತಲೆ ಕೆಡಿಸಿಕೊಂಡ ಕೌಂಟ್ ರಮ್‌ಫರ್ಡ್ ಹುಟ್ಟಿದ್ದು ಪಕ್ಕದ ಮ್ಯಾಸಚೂಸೆಟ್ಸಿನಲ್ಲೇ. ಒಲೆಗುಂಡಿಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಹೊಗೆಯ ಕತ್ತು ಕಿರಿದಾಗಿಸಿದ ಪುಣ್ಯಾತ್ಮ. ನಮ್ಮಲ್ಲಿ ಹೊಗೆ ಮತ್ತು ಸೌದೆಯ ಇಂಥದೇ ಲೆಕ್ಕ ಹಾಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ. ಅದರ ಅಸ್ತ್ರ ಒಲೆ ಅನೇಕ ಹಳ್ಳಿಯ ಅಡುಗೆಮನೆಗಳಿಂದ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಸಾಗಿಸಿತು.

ಅದೇ ಕರ್ನಾಟಕದ ಇನ್ನೊಂದು ಮುಖವೂ ನೆನಪಾಗುತ್ತದೆ. ಕಾಫಿ ಸೀಮೆಯ ಹೋಮ್‌ಸ್ಟೇ ಒಂದರಲ್ಲಿ ಚಂದದ ಕಲ್ಲಿನ ಅಗ್ಗಿಷ್ಟಿಕೆ ಇತ್ತು. ಫೋಟೊಗೆಂದು ಕಟ್ಟಿಸಿದ್ದು. ಆ ವಾರ ಕಡಿದ ಸಿಲ್ವರ್ ಓಕ್ ತಂದು ಒಟ್ಟಿದರು. ತುಂಡುಗಳ ತುದಿಯಲ್ಲಿ ನೊರೆ ಉಕ್ಕಿ ಸುಂಯ್ಯೆಂದಿತು, ಕೋಣೆ ಹೊಗೆಯಾಯಿತು, ನಾವು ಕೆಮ್ಮುತ್ತ ಜಗುಲಿಗೆ ಬಂದೆವು. ಕಿಟಕಿ ಮುಚ್ಚಿ ಮಲಗಿದ್ದರೆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಬ್ಬಿಸುವವರೂ ಇಲ್ಲ. ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬಿಸುವ ಮಲೆನಾಡಿನವರಿಗೆ ಒಣ ಸೌದೆಯ ಬೆಲೆಯನ್ನು ಹೊಸತಾಗಿ ಹೇಳಬೇಕೆ? ಇಂಗ್ಲೆಂಡಿನಲ್ಲಂತೂ 2021ರಿಂದ, ಚಿಲ್ಲರೆಯಾಗಿ ಮಾರುವ ಒಲೆ ಸೌದೆಯಲ್ಲಿ ತೇವ ಶೇ 20 ಮೀರಬಾರದೆಂದು ಕಾನೂನೇ ಇದೆ.

ಭಾಮೈದ ಸೀಳಿದ ಓಕನ್ನು ಎರಡು ವರ್ಷ ಒಣಗಿಸುತ್ತಾನೆ. ಎರಡು ತುಂಡು ಬಡಿದರೆ ಠಣ್ ಎನ್ನಬೇಕು, ದಡ್ ಎಂದರೆ ಮತ್ತೆ ರಾಶಿಗೆ. ವರ್ಷಕ್ಕೊಮ್ಮೆ ಹೊಗೆಗೂಡು ಗುಡಿಸುವವನನ್ನು ಕರೆಸುತ್ತಾನೆ. ಕ್ರಿಯೋಸೋಟ್ ಮೂರು ಮಿಲಿಮೀಟರ್ ದಪ್ಪವಾಗಿದ್ದರೂ ತೆಗೆಸುವ ಹೊತ್ತಾಯಿತು ಎಂದು ಲೆಕ್ಕ. ಹೊರಡುವ ಎರಡು ದಿನ ಮುಂಚೆ ಅವನು ಬೂದಿ ಗೋರಿ, ಮುಚ್ಚಳವಿರುವ ತಗಡಿನ ಬಕೆಟ್ಟಿಗೆ ತುಂಬಿ, ಮರದ ಜಗುಲಿಯಿಂದ ದೂರ ಅಂಗಳದಲ್ಲಿಟ್ಟ. ತಣ್ಣಗಿದೆಯಲ್ಲ, ಕಸಕ್ಕೆ ಹಾಕಬಾರದೇ ಎಂದೆ. ‘ನಾಳೆ ನೋಡಿ, ಭಾವ’ ಎಂದ. ರಾತ್ರಿ ಮತ್ತೆ ಹಿಮ ಬಿತ್ತು. ಬೆಳಿಗ್ಗೆ ಅಂಗಳವೆಲ್ಲ ಬೆಳ್ಳಗೆ. ಬಕೆಟ್ಟಿನ ಸುತ್ತ ಮಾತ್ರ ಒಂದು ಗೇಣು ಕರಗಿ, ಹಸಿ ಮಣ್ಣು ಕಾಣುತ್ತಿತ್ತು.