ಪತಿಯ ಮಾನ ಕಾಯ್ದ ಮೌನ

ನೆಲಮಾಳಿಗೆಯ ಫ್ಯೂಸ್ ಪೆಟ್ಟಿಗೆಯ ಹಿಂದೆ ಒಂದು ಮೋಟು ರಬ್ಬರ್ ಕೊಳವೆ ಅಡಗಿದೆ. ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುವ ಎಣಿಕೆಯಿಂದ ಪತಿಯು ಅದನ್ನು ಅಲ್ಲಿ ಇರಿಸಿದ್ದಾನೆಂಬುದು ಮಡದಿಗೆ ತಿಳಿದುಹೋಗಿದೆ. ಆಕೆ ಪ್ರತಿದಿನವೂ ಕೆಳಗಿಳಿದು ಅದನ್ನು ತೆಗೆದಿರಿಸುತ್ತಾಳೆ. ಪತಿಯು ಮನೆಗೆ ಮರಳುವ ವೇಳೆಗೆ ಪುನಃ ಇದ್ದಲ್ಲಿಯೇ ಇಟ್ಟುಬಿಡುತ್ತಾಳೆ. ತೆಗೆದೆನೆಂದರೆ, ಕಂಡೆನೆಂದರೆ, ಆತನಿಗೆ ಅವಮಾನವಾದೀತು! ಆತನ ಪ್ರಾಣ ಹೋದೀತೆಂಬ ಭಯದಷ್ಟೇ, ಆತನ ಮಾನ ಹೋದೀತೆಂಬ ಭಯವೂ ಆಕೆಯನ್ನು ಕಾಡುತ್ತಿದೆ.

ಈಕೆಯೇ ಲಿಂಡಾ ಲೋಮನ್. ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಗೃಹಿಣಿ. 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಮೊರೊಸ್ಕೋ ರಂಗಮಂದಿರದಲ್ಲಿ, ಎಲಿಯಾ ಕಜಾನ್ ಅವರ ನಿರ್ದೇಶನದಲ್ಲಿ ಮೊದಲು ರಂಗವೇರಿದ ಈ ನಾಟಕವು 742 ಪ್ರಯೋಗಗಳನ್ನು ಕಂಡಿತು. ಅದೇ ವರ್ಷ ಪುಲಿಟ್ಜರ್ ಪಾರಿತೋಷಕವನ್ನೂ ಗಳಿಸಿತು. ಊರೂರು ಅಲೆದು ಸರಕು ಮಾರಿ ಬಳಲಿದ ವಿಲ್ಲಿ ಲೋಮನ್‌ನಿಗಾಗಿ ಮರುಗಿದ ಪ್ರೇಕ್ಷಕರು ಅಸಂಖ್ಯ. ಆತನ ಬೆನ್ನಿಗೆ ನಿಂತ ಹೆಂಗಸಿನ ಕಥೆಯೂ ಅಷ್ಟೇ ಗಮನಾರ್ಹವಾದುದು.

ಮನೆಯ ಲೆಕ್ಕ

ಹಿಂದಿನ ದಿನಗಳನ್ನು ತೋರುವ ಒಂದು ದೃಶ್ಯದಲ್ಲಿ ವಿಲ್ಲಿ ಪ್ರವಾಸ ಮುಗಿಸಿ ಮನೆಗೆ ಬರುತ್ತಾನೆ. ಎರಡು ಊರುಗಳಲ್ಲಿ ಸೇರಿ 1200 ಗ್ರೋಸು ಮಾರಿದೆನೆಂದು ಹೆಮ್ಮೆಯಿಂದ ಹೇಳುತ್ತಾನೆ. ಲಿಂಡಾ ಸಂತೋಷದಿಂದ ಕಾಗದ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂರುತ್ತಾಳೆ. ಆಕೆ ಬರೆಯುತ್ತಿದ್ದಂತೆ ಪತಿಯ ಮಾತು ಕುಗ್ಗುತ್ತದೆ. 1200 ಇಳಿದಿಳಿದು 200ಕ್ಕೆ ನಿಲ್ಲುತ್ತದೆ. ಕೈಗೆ ಬರುವುದು 70 ಡಾಲರು ಚಿಲ್ಲರೆ. ರೆಫ್ರಿಜರೇಟರಿನ ಕಂತು, ಬಟ್ಟೆ ಒಗೆಯುವ ಯಂತ್ರದ ಕಂತು, ಮಾಡಿನ ರಿಪೇರಿ ಎಲ್ಲ ಸೇರಿ ಕೊಡಬೇಕಾದುದು ಸುಮಾರು 120. ಆಕೆ ಮಾತ್ರ ಹಂಗಿಸುವುದಿಲ್ಲ. ಬಂದುದೇ ಬಹಳವಾಯಿತೆಂದು ಸಮಾಧಾನ ಹೇಳುತ್ತಾಳೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದರ ಕುಸಿದ ದಿನ, ಹಿಂತಿರುಗಿದ ಯಜಮಾನನ ಮುಖ ನೋಡಿಯೇ ಎಲ್ಲವನ್ನೂ ಅರಿತು, ಎಷ್ಟು ಬಂತೆಂದು ಕೇಳದೆ ಕಾಲಿಗೆ ನೀರು ಕೊಡುವ ಗೃಹಿಣಿಗೆ ಬ್ರೂಕ್ಲಿನ್‌ನ ಈ ಹೆಂಗಸು ಪರಕೀಯಳೆನಿಸಲಾರಳು.

ವಯಸ್ಸು ಅರವತ್ತು ದಾಟಿದ ಮೇಲೆ ಕಂಪನಿಯು ವಿಲ್ಲಿಯ ಸಂಬಳವನ್ನು ನಿಲ್ಲಿಸಿ ಬರಿಯ ಕಮಿಷನ್ನಿಗೆ ಇಳಿಸುತ್ತದೆ. ಆತ ನೆರೆಮನೆಯ ಚಾರ್ಲಿಯಿಂದ ವಾರಕ್ಕೆ 50 ಡಾಲರು ಸಾಲ ತಂದು, ತನ್ನ ಗಳಿಕೆಯೆಂದು ಮಡದಿಯ ಕೈಗಿಡುತ್ತಾನೆ. ಅದೂ ಆಕೆಗೆ ಗೊತ್ತು. ಗೊತ್ತಿಲ್ಲದವಳಂತೆ ತೆಗೆದುಕೊಳ್ಳುತ್ತಾಳೆ.

ಹರಿದ ಕಾಲುಚೀಲ

ವಿಲ್ಲಿ ಆಕೆಯ ಮಾತನ್ನು ನಡುನಡುವೆ ಗದರಿ ತಡೆಯುತ್ತಾನೆ. ಹಿರಿಯ ಮಗ ಬಿಫ್ ಅದನ್ನು ಸಹಿಸಲಾರದೆ ಕೆರಳುತ್ತಾನೆ. ಆಕೆಗೆ ಮಾತ್ರ ಅದು ಕೇಳಿಸಿದಂತೆಯೇ ಇಲ್ಲ. ಆಕೆ ಹರಿದ ಕಾಲುಚೀಲಗಳನ್ನು ಹೊಲಿಯುತ್ತ ಕುಳಿತರೆ ವಿಲ್ಲಿ ಸಿಡಿಮಿಡಿಗೊಳ್ಳುತ್ತಾನೆ. ಹೊಸ ಕಾಲುಚೀಲಗಳನ್ನು ಆತ ಬಾಸ್ಟನ್ ನಗರದ ಬೇರೊಬ್ಬಳಿಗೆ ಕೊಟ್ಟುಬಂದಿದ್ದಾನೆ. ಲಿಂಡಾಳಿಗೆ ಗೊತ್ತಾಗದೆ ಉಳಿದ ಗುಟ್ಟು ಇದೊಂದೇ.

ಇಷ್ಟಾದರೂ ಆಕೆಯನ್ನು ಕೇವಲ ಅಬಲೆಯೆನ್ನಲಾಗದು. ತಂದೆಯನ್ನು ತಾತ್ಸಾರ ಮಾಡಿದ ಮಕ್ಕಳೆದುರು ಆಕೆ ಸಿಂಹಿಣಿಯಾಗುತ್ತಾಳೆ. ಆತ ದೊಡ್ಡ ಮನುಷ್ಯನಲ್ಲದಿರಬಹುದು, ಆದರೆ ಮನುಷ್ಯನಾದವನ ಸಂಕಟಕ್ಕೆ ಲಕ್ಷ್ಯ ಕೊಡಲೇಬೇಕೆಂದು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹೋಟೆಲಿನಲ್ಲಿ ತಂದೆಯನ್ನು ಒಬ್ಬಂಟಿಯಾಗಿ ಬಿಟ್ಟುಬಂದ ರಾತ್ರಿ, ಅವರು ತಂದ ಹೂಗಳನ್ನು ನೆಲಕ್ಕೆ ಕೆಡವಿ ಮನೆಬಿಟ್ಟು ತೊಲಗಿರೆನ್ನುತ್ತಾಳೆ.

ಈ ಕಿಚ್ಚನ್ನು ರಂಗಕ್ಕೆ ತರುವುದು ಸುಲಭವಾಗಿರಲಿಲ್ಲ. ಮೊದಲ ಪ್ರಯೋಗದ ನಟಿ ಮಿಲ್ಡ್ರೆಡ್ ಡನ್ನಕ್ ನಾಜೂಕಿನ ಹೆಂಗಸೆಂದು ಮೊದಲು ನಿರಾಕರಿಸಲ್ಪಟ್ಟವರು. ಛಲ ಬಿಡದೆ, ಉಡುಪಿನೊಳಗೆ ಮೆತ್ತೆ ತುಂಬಿಕೊಂಡು ಸ್ಥೂಲಕಾಯಳಾಗಿ ಮರಳಿ ಬಂದು ಪಾತ್ರವನ್ನು ಗೆದ್ದುಕೊಂಡರು. ಆಕೆಯ ದೀರ್ಘ ಸಂಭಾಷಣೆಗಳನ್ನು ಕಜಾನ್ ಇಮ್ಮಡಿ ವೇಗದಲ್ಲಿ ಆಡಿಸಿ ಅಭ್ಯಾಸ ಮಾಡಿಸಿದರು. ಗೋಳಿನ ರಾಗ ಕಳಚಿ ರೋಷವು ಹೊರಬಿತ್ತು. ಐವತ್ತು ವರ್ಷಗಳ ಬಳಿಕ, 1999ರ ನ್ಯೂಯಾರ್ಕ್ ಪ್ರಯೋಗದಲ್ಲಿ ಎಲಿಜಬೆತ್ ಫ್ರಾನ್ಜ್ ಇದೇ ಪಾತ್ರವನ್ನು ಉಗ್ರವಾಗಿ ಅಭಿನಯಿಸಿ ಟೋನಿ ಪ್ರಶಸ್ತಿ ಪಡೆದರು.

ಹೇಳದೆ ಉಳಿದ ಮಾತು

ಮಕ್ಕಳೆದುರು ಆಡಿದ ಸತ್ಯವನ್ನು ಲಿಂಡಾ ಪತಿಯೆದುರು ಮಾತ್ರ ಎಂದೂ ಆಡಲಿಲ್ಲ. ನಾಟಕದ ದುರಂತ ಇಲ್ಲಿಯೇ ಇದೆ. ಅಣ್ಣ ಬೆನ್ ಅಲಾಸ್ಕಾದಲ್ಲಿ ಕೆಲಸ ಕೊಡಲು ಬಂದಾಗ, ಇಲ್ಲಿಯೇ ಎಲ್ಲವೂ ಚೆನ್ನಾಗಿದೆಯೆಂದು ತಡೆದವಳು ಆಕೆ. ಪತಿಯ ಕನಸು ಪೊಳ್ಳೆಂದು ಅರಿವಾದ ಮೇಲೂ ಅದಕ್ಕೆ ನೀರೆರೆದವಳು ಆಕೆ. ಪ್ರೀತಿಯು ಆತನ ಸುತ್ತ ಗೋಡೆಯಾಯಿತು. ಆದರೆ ಆ ಗೋಡೆಯೊಳಗೆ ಬೆಳಕು ಬರಲು ಕಿಟಕಿಯೇ ಇರಲಿಲ್ಲ.

ಕನ್ನಡ ರಂಗಭೂಮಿಯಲ್ಲಿಯೂ ಇಂಥ ಒಬ್ಬ ವಿಧೇಯ ಮಡದಿಯಿದ್ದಾಳೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ರಾಣಿಯನ್ನು ಪತಿಯು ಮನೆಯೊಳಗಿಟ್ಟು ಬೀಗ ಜಡಿದು ಹೋಗುತ್ತಾನೆ, ಪ್ರಶ್ನೆ ಕೇಳಬಾರದೆಂಬುದು ಆಕೆಗೆ ವಿಧಿಸಿದ ಕಟ್ಟಳೆ. ಈ ನಾಟಕವು 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗತ್ರಿ ರಂಗಮಂದಿರದಲ್ಲಿಯೂ ಪ್ರದರ್ಶಿತವಾಯಿತು. ಊರ ಪಂಚರ ಮುಂದೆ ಹಾವನ್ನು ಹಿಡಿದು, ಪತಿಯನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ರಾಣಿ ಪ್ರಮಾಣ ಮಾಡುತ್ತಾಳೆ. ಎಲ್ಲರೆದುರು ಆಡಿದ ಆ ಒಂದು ಮಾತು ಆಕೆಯ ಬಾಳನ್ನೇ ಬದಲಿಸುತ್ತದೆ. ಲಿಂಡಾಳಿಗೆ ಅಂಥ ಮಾತು ಕೊನೆಯವರೆಗೂ ಒದಗುವುದಿಲ್ಲ.

ಕೊನೆಗೆ ಆ ರಬ್ಬರ್ ಕೊಳವೆಯನ್ನು ತಂದು ತಂದೆಯ ಮುಂದೆ ಮೇಜಿನ ಮೇಲಿಡುವವನು ಬಿಫ್. ಆ ಕ್ಷಣದಲ್ಲಿಯೂ ಲಿಂಡಾಳ ಕೈ ಅದನ್ನು ಎತ್ತಿಕೊಳ್ಳಲೆಂದು ಮುಂದೆ ಚಾಚುತ್ತದೆ. ಮಗ ಅದನ್ನು ಅದುಮಿ ಹಿಡಿಯುತ್ತಾನೆ. ಆದರೆ ಕಾಲ ಮೀರಿದೆ. ಅದೇ ರಾತ್ರಿ ವಿಲ್ಲಿ, 20,000 ಡಾಲರು ವಿಮೆಯ ಹಣ ಮಗನಿಗೆ ದಕ್ಕಲೆಂದು, ಕಾರನ್ನೇರಿ ಸಾವಿನೆಡೆಗೆ ಧಾವಿಸುತ್ತಾನೆ.

ಸಮಾಧಿಯ ಬಳಿ ಲಿಂಡಾ ಒಬ್ಬಳೇ ಕುಳಿತಿದ್ದಾಳೆ. ಇಪ್ಪತ್ತೈದು ವರ್ಷಗಳ ಮನೆ ಸಾಲದ ಕೊನೆಯ ಕಂತನ್ನು ಆಕೆ ಅಂದೇ ತೀರಿಸಿ ಬಂದಿದ್ದಾಳೆ. ಮನೆ ಸ್ವಂತವಾಯಿತು; ಅದರಲ್ಲಿ ಬಾಳಬೇಕಾದವನಿಲ್ಲ. ಅಳು ಏಕೆ ಬರುತ್ತಿಲ್ಲವೆಂದು ಆಕೆ ಮಣ್ಣಿನಡಿಯ ಪತಿಯನ್ನು ಕೇಳುತ್ತಾಳೆ. ಬದುಕಿದ್ದಾಗ ಒಂದು ಪ್ರಶ್ನೆಯನ್ನು ನುಂಗಿಕೊಂಡವಳು, ಉತ್ತರ ಬಾರದ ಕಡೆ ಪ್ರಶ್ನೆ ಕೇಳುತ್ತಿದ್ದಾಳೆ.